ನೋಂದಣಿ ಪತ್ರ ಸಾಲದು, ಹೆಬ್ಬಾವಿಗೆ ಮನೆಯೂ ಬೇಕು

ವಿದೇಶಿ ಹಾವುಗಳನ್ನು ಸಾಕುವವರ ಲೆಕ್ಕ ಇಡಲು ಕಾನೂನು ಬಂದಿದೆ. ಆದರೆ ಹತ್ತು ಅಡಿಯ ಜೀವಿಯೊಂದನ್ನು ಇಪ್ಪತ್ತೈದು ವರ್ಷ ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯನ್ನು ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ತೆರೆದಾಗ ಅದರೊಳಗೆ ಹತ್ತು ಹಳದಿ ಅನಕೊಂಡಗಳಿದ್ದವು. ಅದಕ್ಕೂ ಮುನ್ನ, 2023ರ ಸೆಪ್ಟೆಂಬರ್‌ನಲ್ಲಿ, ಅದೇ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 78 ಪ್ರಾಣಿಗಳು ಪತ್ತೆಯಾಗಿದ್ದವು: 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು ಆರು ಕಾಪುಚಿನ್ ಕೋತಿಗಳು. ಹಾವುಗಳು ಬದುಕಿದ್ದವು. ಕೋತಿಗಳು ಆರೂ ಸತ್ತಿದ್ದವು.

ಇಂಥ ಸುದ್ದಿಯನ್ನು ನಾವು ಅಚ್ಚರಿಯಿಂದ ಓದಿ ಮರುದಿನ ಮರೆತುಬಿಡುತ್ತೇವೆ. ಕಳ್ಳಸಾಗಣೆದಾರನ ಜಾಣ್ಮೆ, ಅಧಿಕಾರಿಗಳ ಚುರುಕು, ಪ್ರಾಣಿಗಳ ದುರವಸ್ಥೆ ಎಲ್ಲವೂ ಚರ್ಚೆಯಾಗುತ್ತವೆ. ಆ ಪೆಟ್ಟಿಗೆ ಸಿಕ್ಕಿಬೀಳದೇ ಹೋಗಿದ್ದರೆ ಅದರೊಳಗಿನ ಹಾವುಗಳು ಯಾರ ಮನೆಗೆ ಹೋಗುತ್ತಿದ್ದವು ಎಂಬ ಪ್ರಶ್ನೆ ಮಾತ್ರ ಹಿಂದುಳಿಯುತ್ತದೆ. ಕೊಳ್ಳುವವರಿಲ್ಲದೆ ಯಾರೂ ಸಮುದ್ರ ದಾಟಿ ಸರಕು ತರುವುದಿಲ್ಲ. ಮಹಾನಗರಗಳ ಉಳ್ಳವರ ಮನೆಗಳಲ್ಲಿ, ತೋಟದ ಮನೆಗಳಲ್ಲಿ, ಕಡೆಗೆ ಬಾಡಿಗೆ ಕೊಠಡಿಗಳಲ್ಲಿಯೂ ಹಾವು ಸಾಕುವ ಹವ್ಯಾಸ ಬೇರೂರುತ್ತಿರುವುದನ್ನು ಈ ಪೆಟ್ಟಿಗೆಗಳೇ ಹೇಳುತ್ತಿವೆ.

ಕಾನೂನು ಹೇಳುವುದೇನು?

ಮೊದಲಿಗೆ ಒಂದು ಸಂದೇಹವನ್ನು ನಿವಾರಿಸಿಕೊಳ್ಳಬೇಕು. ಭಾರತದ ಕಾಡುಮೇಡುಗಳಲ್ಲಿ ಸಹಜವಾಗಿರುವ ಹೆಬ್ಬಾವನ್ನು ಯಾವ ಖಾಸಗಿ ವ್ಯಕ್ತಿಯೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಅದಕ್ಕೆ ಸ್ಥಾನವಿದೆ. ಆ ಪರಿಶಿಷ್ಟದ ಪ್ರಾಣಿಗಳ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸದ ಶಿಕ್ಷೆಯಿದೆ, ದಂಡ ಬೇರೆ. ಕಾಯ್ದೆಯ ಅರ್ಥದಲ್ಲಿ ಹಿಡಿಯುವುದೂ ಬೇಟೆಯೇ. ವಿದೇಶಗಳಲ್ಲಿ ಸಾಕುಪ್ರಾಣಿಯೆಂದು ಹೆಸರಾದ ಬರ್ಮಾ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳಲ್ಲಿಯೂ, ಜಾಲರಿ ಹೆಬ್ಬಾವು ನಿಕೋಬಾರ್ ದ್ವೀಪಗಳಲ್ಲಿಯೂ ನೆಲೆಸಿರುವ ಜೀವಿಗಳು. ಹೊರದೇಶದಿಂದ ಬಂದ ಮರಿ ಎಂಬ ಮಾರಾಟಗಾರನ ಮಾತನ್ನು ನಂಬಿ ಇವನ್ನು ಕೊಳ್ಳುವವರು ತಮಗೆ ತಾವೇ ಮೊಕದ್ದಮೆಯನ್ನು ತಂದುಕೊಂಡಂತೆ.

ಉಳಿದದ್ದು ನಿಜವಾದ ವಿದೇಶಿ ತಳಿಗಳು: ಅಮೆರಿಕ ಖಂಡದ ಬೋವಾ, ಆಫ್ರಿಕದ ಬಾಲ್ ಪೈಥಾನ್, ದಕ್ಷಿಣ ಅಮೆರಿಕದ ಅನಕೊಂಡ ಮೊದಲಾದವು. ಬೋವಾ ಮತ್ತು ಪೈಥಾನ್ ಕುಟುಂಬಗಳೆರಡೂ ಸಮಗ್ರವಾಗಿ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಭಾರತ 1976ರಿಂದ ಈ ಒಪ್ಪಂದದ ಸದಸ್ಯ ರಾಷ್ಟ್ರವಾದರೂ, ಒಮ್ಮೆ ದೇಶದೊಳಗೆ ನುಸುಳಿದ ವಿದೇಶಿ ಪ್ರಾಣಿಯನ್ನು ಕೇಳುವ ಕಾನೂನು ಬಹುಕಾಲ ಇರಲಿಲ್ಲ. ಗಡಿ ದಾಟುವಾಗ ಸಿಕ್ಕರೆ ಕಸ್ಟಮ್ಸ್ ಅಪರಾಧ. ದಾಟಿದ ಮೇಲೆ ಮನೆಯ ಸೊತ್ತು ಎಂಬಂಥ ಸ್ಥಿತಿಯಿತ್ತು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ವಯಂಘೋಷಣೆಯ ಅವಕಾಶ ನೀಡಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯ ಮತ್ತು ನಾಲ್ಕನೆಯ ಪರಿಶಿಷ್ಟ ಸೇರಿದವು. 2024ರ ಫೆಬ್ರವರಿ 28ರಂದು ಹೊರಬಿದ್ದ ನಿಯಮಗಳ ಪ್ರಕಾರ, ಇಂಥ ಪ್ರಾಣಿಯನ್ನು ಹೊಂದಿರುವವರು ‘ಪರಿವೇಶ್ 2.0’ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಅರ್ಜಿ ಸಲ್ಲಿಸಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರ ಕೈಗೆ ಹೋದರೂ ತಿಳಿಸಬೇಕು.

ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನಿಯಮದ ಒತ್ತೆಲ್ಲ ಲೆಕ್ಕದ ಮೇಲಿದೆ. ಯಾವ ಹಾವಿಗೆ ಎಷ್ಟು ದೊಡ್ಡ ಗೂಡು, ಎಷ್ಟು ಶಾಖ, ಎಂಥ ಬೀಗ ಎಂಬ ಪ್ರಮಾಣಕಗಳು ಅದರಲ್ಲಿಲ್ಲ. ಸಾಕುಪ್ರಾಣಿ ಅಂಗಡಿಗಳಿಗೆಂದು 2018ರಲ್ಲಿ ರೂಪಿಸಿದ ನಿಯಮಗಳು ನಾಯಿ, ಬೆಕ್ಕು, ಮೊಲ, ಗಿನಿಯಿಲಿ, ಹ್ಯಾಮ್‌ಸ್ಟರ್, ಇಲಿ, ಪಂಜರದ ಪಕ್ಷಿಗಳನ್ನು ಹೆಸರಿಸುತ್ತವೆ. ಹಾವಿನ ಹೆಸರು ಅಲ್ಲಿಲ್ಲ. ಇನ್ನು ಕಾರ್ನ್ ಸ್ನೇಕ್‌ನಂಥ ಸೈಟಿಸ್ ಪಟ್ಟಿಯಲ್ಲಿಲ್ಲದ ಹಾವುಗಳು ಈ ನೋಂದಣಿಯ ವ್ಯಾಪ್ತಿಗೂ ಬರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಾಣ್ಣುಡಿ ಅಕ್ಷರಶಃ ಅನ್ವಯಿಸುವ ಸ್ಥಿತಿಯಿದು.

ಮೊದಲು ಕೋಣೆ, ಆಮೇಲೆ ಹಾವು

ಒಂದು ದೊಡ್ಡ ಹಾವನ್ನು ಸಾಕಲು ನಿಜಕ್ಕೂ ಏನು ಬೇಕು? ಕಾನೂನುಬದ್ಧವಾಗಿ ನೋಂದಾಯಿಸಬಹುದಾದ ದೊಡ್ಡ ಹಾವುಗಳಲ್ಲಿ ಬೋವಾ ಸಾಧುವೆಂದು ಹೆಸರಾದದ್ದು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅಂಗಡಿಯಲ್ಲಿ ಅಂಗೈ ಮೇಲೆ ಸುತ್ತಿಕೊಳ್ಳುವ ಬೋವಾ ಮರಿ ಒಂದೂವರೆ ಅಡಿಯಷ್ಟಿರುತ್ತದೆ. ಕೆಲವೇ ವರ್ಷಗಳಲ್ಲಿ ಅದು ಆರರಿಂದ ಒಂಬತ್ತು ಅಡಿಗೆ ಬೆಳೆಯುತ್ತದೆ; ಹೆಣ್ಣು ಗಂಡಿಗಿಂತ ದೊಡ್ಡದು. ಮರಿಗೆ ತಕ್ಕ ಗಾಜಿನ ಪೆಟ್ಟಿಗೆಯನ್ನು ಕೊಂಡು, ‘ದೊಡ್ಡದಾದ ಮೇಲೆ ನೋಡೋಣ’ ಎನ್ನುವುದು ಹೊಸ ಸಾಕಣೆದಾರರ ಸಾಮಾನ್ಯ ಧೋರಣೆ. ನೋಡಬೇಕಾದ ಕಾಲ ಬಂದಾಗ ಮನೆಯಲ್ಲಿ ಜಾಗವಿರುವುದಿಲ್ಲ.

ಬೆಳೆದ ಬೋವಾಕ್ಕೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಗೂಡು ತೀರ ಕನಿಷ್ಠ. ಹಾವು ಪೂರ್ತಿ ಮೈಚಾಚಿ ಮಲಗುವಷ್ಟು ಉದ್ದವಿರುವುದು ಉಚಿತ. ಹಾವು ಸುರುಳಿ ಸುತ್ತಿಕೊಂಡೇ ಇರುವ ಪ್ರಾಣಿ, ಅದಕ್ಕೆ ಜಾಗ ಬೇಡ ಎಂಬ ವಾದವನ್ನು ವ್ಯಾಪಾರಿಗಳು ಬಹುಕಾಲ ಮಾಡಿಕೊಂಡು ಬಂದರು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಲ್ಲಗಳೆಯಿತು. ಜಾಗವಿರುವ ಗೂಡುಗಳಲ್ಲಿ 65 ಹಾವುಗಳನ್ನು ಒಂದು ಗಂಟೆ ಕಾಲ ಗಮನಿಸಿದಾಗ 24 ಹಾವುಗಳು ನೇರವಾಗಿ ಅಥವಾ ಬಹುತೇಕ ನೇರವಾಗಿ ಮೈಚಾಚಿದವು. ಜಾಗ ಕೊಟ್ಟರೆ ಹಾವು ಬಳಸುತ್ತದೆ; ಕೊಡದಿದ್ದರೆ ಸುರುಳಿ ಸುತ್ತಿಕೊಳ್ಳದೆ ಅದಕ್ಕೆ ಗತ್ಯಂತರವಿಲ್ಲ.

ನಮ್ಮ ಕಾನೂನಿಗೂ ಈ ತತ್ವ ಅಪರಿಚಿತವಲ್ಲ. ಪ್ರಾಣಿಯ ಚಲನವಲನಕ್ಕೆ ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಅದನ್ನು ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಕಾಯ್ದೆಯಲ್ಲಿ ‘ಪ್ರಾಣಿ’ ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ. ಹಾವೂ ಅದರಲ್ಲಿ ಬಂತು. ಎರಡು ಕೋಣೆಗಳ ಫ್ಲಾಟಿನಲ್ಲಿ ಒಂದು ಮಂಚದಷ್ಟು ಜಾಗವನ್ನು ಕಾಯಂ ಆಗಿ ಬಿಟ್ಟುಕೊಡಲಾಗದವರು ಈ ಹವ್ಯಾಸಕ್ಕೆ ಕೈಹಾಕಬಾರದೆಂದು ಹೇಳಲು ಹೊಸ ಕಾನೂನಿನ ಅಗತ್ಯವೂ ಇಲ್ಲ.

ಶಾಖ, ತೇವ ಮತ್ತು ವಿದ್ಯುತ್

ಹಾವಿನ ಮೈ ತಾನಾಗಿ ಬಿಸಿಯನ್ನು ಕಾಯ್ದುಕೊಳ್ಳುವುದಿಲ್ಲ. ಬಿಸಿಯಾದ ಸ್ಥಳಕ್ಕೂ ತಂಪಾದ ಸ್ಥಳಕ್ಕೂ ಓಡಾಡಿ ಅದು ತನ್ನ ಉಷ್ಣತೆಯನ್ನು ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಗೂಡಿನ ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೂ, ಇನ್ನೊಂದು ತುದಿ 25-27 ಡಿಗ್ರಿಯಲ್ಲಿಯೂ ಇರಬೇಕು. ಎರಡೂ ತುದಿಗಳಲ್ಲಿ ಅಡಗಿಕೊಳ್ಳಲು ಮರೆ ಬೇಕು. ಒಂದೇ ಕಡೆ ಮರೆಯಿದ್ದರೆ ಹಾವು ಭದ್ರತೆ ಅಥವಾ ಉಷ್ಣತೆ ಎರಡರಲ್ಲೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಮೈ ಮುಳುಗಿಸಿ ಕೂರುವಷ್ಟು ದೊಡ್ಡ ನೀರಿನ ಪಾತ್ರೆ, ಶೇಕಡಾ 60-70ರಷ್ಟು ಆರ್ದ್ರತೆ, ಗಾಳಿಯಾಡುವ ವ್ಯವಸ್ಥೆ ಇವೆಲ್ಲ ಬೇಕು. ಶಾಖ ನೀಡುವ ಯಾವುದೇ ಸಾಧನಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಅಪಾಯ ತಪ್ಪಿದ್ದಲ್ಲ. ಮೈ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಸರಿಯುವುದಿಲ್ಲ. ಬೆಳಿಗ್ಗೆ ಮಾಲೀಕನಿಗೆ ಕಾಣುವುದು ಬೆಂದ ಹೊಟ್ಟೆ.

ವಿದೇಶಿ ಕೈಪಿಡಿಗಳನ್ನು ಓದಿಕೊಂಡವರು ನಮ್ಮ ಹವೆಯನ್ನು ಮರೆಯುತ್ತಾರೆ. ಅಲ್ಲಿನ ಚಿಂತೆ ಗೂಡನ್ನು ಬಿಸಿ ಮಾಡುವುದು. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಚಿಂತೆ ತಲೆಕೆಳಗಾಗುತ್ತದೆ: ಮುಚ್ಚಿದ ಪೆಟ್ಟಿಗೆಯೊಳಗಿನ ಹಾವಿಗೆ ತಂಪಾದ ಮೂಲೆಯೇ ಉಳಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಅದು ಸಾಯಬಹುದು. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಗೂಡಿನ ಹಾಸು ಬೂಸು ಹಿಡಿಯುತ್ತದೆ, ಹೊಟ್ಟೆಯ ಪೊರೆ ಕೊಳೆತು ಹುಣ್ಣಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿಗೆ ಇಳಿದಾಗ ವಿದ್ಯುತ್ ಕೈಕೊಟ್ಟರೆ, ಮೂರು ದಿನ ಹಿಂದೆ ನುಂಗಿದ ಆಹಾರ ಜೀರ್ಣವಾಗದೆ ಹೊರಬರುತ್ತದೆ. ಶ್ವಾಸಕೋಶದ ಸೋಂಕು ತಗಲುತ್ತದೆ. ಎಂದರೆ ಹಾವು ಕೊಳ್ಳುವ ಮುನ್ನ ಗೂಡನ್ನು ಸಿದ್ಧಪಡಿಸಿ, ಕನಿಷ್ಠ ಎರಡು ವಾರ ಖಾಲಿಯಾಗಿಯೇ ಓಡಿಸಿ, ಹಗಲು ರಾತ್ರಿಯ ಉಷ್ಣತೆಯನ್ನು ಬರೆದಿಡುವುದು ಜಾಣತನ. ಯುಪಿಎಸ್ ಇಲ್ಲಿ ಅನಿವಾರ್ಯ.

ಆಹಾರ, ಬೀಗ, ವೈದ್ಯ

ಹಾವು ಹಾಲು ಕುಡಿಯುವುದಿಲ್ಲ ಎಂಬುದನ್ನು ನಾಗರಪಂಚಮಿಯಂದು ಪ್ರತಿ ವರ್ಷ ನೆನಪಿಸಬೇಕಾದ ನಾಡು ನಮ್ಮದು. ಬೋವಾಕ್ಕೆ ಬೇಕಾದ್ದು ಇಡೀ ಪ್ರಾಣಿ: ಮರಿಗೆ ಚಿಟ್ಟಿಲಿ, ಬೆಳೆದದ್ದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ದೊಡ್ಡ ಇಲಿ. ಜೀವಂತ ಇಲಿಯನ್ನು ಗೂಡಿಗೆ ಬಿಟ್ಟರೆ ಅದು ಹಾವನ್ನೇ ಕಚ್ಚಿ ಗಾಯಗೊಳಿಸುವುದುಂಟು. ಆದ್ದರಿಂದ ಮೊದಲೇ ಕೊಂದು ಘನೀಕರಿಸಿ, ನಂತರ ಕರಗಿಸಿ ಕೊಡುವುದೇ ಸರಿಯಾದ ಕ್ರಮ. ಅಂದರೆ ಮನೆಯಲ್ಲಿ ಇಲಿಗಳಿಗೆಂದೇ ಒಂದು ಫ್ರೀಜರ್ ಬೇಕು. ಮೊಟ್ಟೆ ಬೇಯಿಸಿದರೂ ಮುಖ ಸಿಂಡರಿಸುವ ಮನೆ ಮಾಲೀಕರಿರುವ ಬಡಾವಣೆಗಳಲ್ಲಿ ಇದನ್ನು ಹೇಗೆ ನಿಭಾಯಿಸುವುದೆಂದು ಬಾಡಿಗೆದಾರರು ಮೊದಲೇ ಯೋಚಿಸಬೇಕು. ಪ್ರೀತಿಯ ಹೆಸರಿನಲ್ಲಿ ವಾರಕ್ಕೊಮ್ಮೆ ಉಣಿಸಿ ಬೊಜ್ಜು ಬೆಳೆಸುವುದೂ ಪ್ರಾಣಿಯ ಆಯಸ್ಸನ್ನು ಕಡಿಮೆ ಮಾಡುವ ದಾರಿ. ಆಹಾರ ನುಂಗಿದ ಮೇಲೆ ಎರಡು ದಿನವಾದರೂ ಅದನ್ನು ಮುಟ್ಟಬಾರದು.

ಬೀಗದ ವಿಷಯದಲ್ಲಿ ಎರಡು ದುರಂತಗಳನ್ನು ನೆನೆಯಬೇಕು. 2009ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದ ಬರ್ಮಾ ಹೆಬ್ಬಾವು ಗೂಡಿನಿಂದ ಹೊರಬಂದು ಮಲಗಿದ್ದ ಎರಡು ವರ್ಷದ ಮಗುವನ್ನು ಕೊಂದಿತು. 2013ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್ ಪಟ್ಟಣದಲ್ಲಿ ಸಾಕುಪ್ರಾಣಿ ಅಂಗಡಿಯ ಮೇಲಂತಸ್ತಿನ ಮನೆಯಲ್ಲಿದ್ದ ಆಫ್ರಿಕನ್ ರಾಕ್ ಪೈಥಾನ್ ಗಾಳಿಕೊಳವೆಯ ಮೂಲಕ ನುಸುಳಿ ಇಬ್ಬರು ಬಾಲಕರ ಪ್ರಾಣ ತೆಗೆಯಿತು. ಎರಡೂ ಕಡೆ ತಪ್ಪಿದ್ದು ಗೂಡಿನ ಭದ್ರತೆ. ಬೋವಾ ಅಷ್ಟು ದೊಡ್ಡದಲ್ಲವಾದರೂ ನಿಯಮ ಬದಲಾಗುವುದಿಲ್ಲ: ಬೀಗ ಹಾಕಬಹುದಾದ ಗೂಡು, ಗೂಡಿರುವ ಕೋಣೆಗೆ ಇನ್ನೊಂದು ಬೀಗ, ಕಿಟಕಿ ಮತ್ತು ಮೋರಿಗೆ ಜಾಲರಿ. ಆರೇಳು ಅಡಿ ಮೀರಿದ ಹಾವನ್ನು ಒಬ್ಬರೇ ಎತ್ತಬಾರದು, ಒಬ್ಬರೇ ಉಣಿಸಲೂಬಾರದು. ಚಿಕ್ಕ ಮಕ್ಕಳಿರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಮುಟ್ಟಿದವರು ಪ್ರತಿ ಸಲವೂ ಕೈತೊಳೆಯುವುದು ಕಡ್ಡಾಯ.

ವೈದ್ಯರ ಪ್ರಶ್ನೆ ಇನ್ನೂ ಜಟಿಲ. ನಮ್ಮ ಪಶುವೈದ್ಯರ ಅನುಭವವೆಲ್ಲ ಮುಖ್ಯವಾಗಿ ಹಸು, ಎಮ್ಮೆ, ಕುರಿ, ನಾಯಿಗಳದು. ಹಾವಿನ ಉಸಿರಾಟದ ಸೋಂಕು, ಬಾಯಿಹುಣ್ಣು, ಉಣ್ಣಿಗಳಿಗೆ ಮದ್ದು ನೀಡಬಲ್ಲವರು ಮಹಾನಗರದಲ್ಲಿಯೂ ಬೆರಳೆಣಿಕೆಯಷ್ಟು. ಬೋವಾಗಳನ್ನು ಕಾಡುವ ‘ಇನ್‌ಕ್ಲೂಷನ್ ಬಾಡಿ’ ಎಂಬ ವೈರಾಣು ರೋಗಕ್ಕೆ ಮದ್ದೇ ಇಲ್ಲ. ವೈದ್ಯರ ವಿಳಾಸ ಹುಡುಕಿಕೊಳ್ಳುವುದು ಹಾವು ಕೊಳ್ಳುವ ಮುಂಚಿನ ಕೆಲಸ.

ಕಾಲು ಶತಮಾನದ ಹೊಣೆ

ಇವೆಲ್ಲಕ್ಕಿಂತ ದೊಡ್ಡ ಲೆಕ್ಕ ಕಾಲದ್ದು. ಚೆನ್ನಾಗಿ ಸಾಕಿದ ಬೋವಾ ಇಪ್ಪತ್ತರಿಂದ ಮೂವತ್ತು ವರ್ಷ ಬದುಕುತ್ತದೆ. ಇಂದು ಇಪ್ಪತ್ತೈದರ ತರುಣ ಕೊಂಡ ಮರಿಗೆ ಅವನ ಐವತ್ತರ ಹೊತ್ತಿಗೂ ಉಣಿಸು ಬೇಕು. ಈ ನಡುವೆ ಕೆಲಸ ಬದಲಾಗುತ್ತದೆ, ಊರು ಬದಲಾಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ವಿದೇಶಕ್ಕೆ ಹೋಗುವ ಅವಕಾಶ ಬರುತ್ತದೆ. ಆಗ ಆ ಒಂಬತ್ತು ಅಡಿಯ ಜೀವಿ ಎಲ್ಲಿಗೆ ಹೋಗಬೇಕು? ಮರಿಯನ್ನು ಕೊಳ್ಳುವವರು ಹತ್ತು ಮಂದಿ ಸಿಗಬಹುದು. ಬೆಳೆದ ಹಾವನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಮೃಗಾಲಯಗಳಿಗೂ ಪುನರ್ವಸತಿ ಕೇಂದ್ರಗಳಿಗೂ ತಮ್ಮದೇ ಮಿತಿಗಳಿವೆ.

ಇದಕ್ಕೆ ಉತ್ತರ ಸಿಗದೆ ಹೋದಾಗ ಏನಾಗುತ್ತದೆಂಬುದಕ್ಕೆ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗುನಾಡು ಸಾಕ್ಷಿ. ಅಲ್ಲಿ ಸಾಕಲಾಗದೆ ಬಿಟ್ಟ ಅಥವಾ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಕಾಡಿನಲ್ಲಿಯೇ ಮರಿ ಮಾಡುತ್ತಿವೆಯೆಂಬುದು 2000ದ ಹೊತ್ತಿಗೆ ಖಚಿತವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ರಕೂನ್‌ಗಳು ಕಾಣುವ ಪ್ರಮಾಣ ಶೇ 99ರಷ್ಟು, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳು ಕಾಣುವ ಪ್ರಮಾಣ ಶೇ 87ರಷ್ಟು ಕುಸಿದಿತ್ತು. ಹೆಬ್ಬಾವಿನೊಡನೆ ಬಂದ ಶ್ವಾಸಕೋಶದ ಪರಾವಲಂಬಿಯೊಂದು ಸ್ಥಳೀಯ ಹಾವುಗಳಿಗೂ ಅಂಟಿತು. ಅದೇ 2012ರಲ್ಲಿ ಅಮೆರಿಕ ನಾಲ್ಕು ದೊಡ್ಡ ಹಾವುಗಳ ಆಮದನ್ನು ನಿಷೇಧಿಸಿತು. ಆ ನಾಲ್ಕರಲ್ಲಿ ಹಳದಿ ಅನಕೊಂಡವೂ ಒಂದು. ಹನ್ನೆರಡು ವರ್ಷಗಳ ನಂತರ ಬೆಂಗಳೂರಿನ ವಿಮಾನ ನಿಲ್ದಾಣದ ಪೆಟ್ಟಿಗೆಯಲ್ಲಿ ಸಿಕ್ಕಿದ್ದೂ ಅದೇ.

ನಮ್ಮಲ್ಲಿ ಹಾಗಾಗದು ಎಂದು ನಿಶ್ಚಿಂತೆಯಿಂದಿರಲು ಕಾರಣವಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮತ್ತು ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನುಗಳು ದೇಶದ ಕೆರೆಹೊಳೆಗಳನ್ನು ಈಗಾಗಲೇ ಆವರಿಸಿವೆ. ಜೌಗು, ನೀರು, ಬಿಸಿಲು ಮತ್ತು ಇಲಿಗಳು ಯಥೇಚ್ಛವಾಗಿರುವ ನಾಡಿನಲ್ಲಿ ಅನಕೊಂಡಕ್ಕೆ ಕಷ್ಟವೇನೂ ಆಗದು. ನಮ್ಮದೇ ಹೆಬ್ಬಾವಿಗೆ ಹೊಸ ರೋಗವನ್ನು ತಂದೊಡ್ಡುವ ಸಾಧ್ಯತೆಯೂ ಇದರೊಡನೆಯೇ ಇದೆ.

ಇಲ್ಲಿ ನ್ಯಾಯದ ಪ್ರಶ್ನೆಯೂ ಅಡಗಿದೆ. 1972ರ ಕಾಯ್ದೆ ಬಂದ ಮೇಲೆ ಹಾವಾಡಿಗರು ಬುಟ್ಟಿ, ಪುಂಗಿಗಳನ್ನು ಕೆಳಗಿಡಬೇಕಾಯಿತು. ಅದು ಅಗತ್ಯವಾಗಿತ್ತು, ಹಲ್ಲು ಕಿತ್ತ ನಾಗರದ ಬದುಕು ನರಕವೇ ಸರಿ. ಬಿದಿರು ಬುಟ್ಟಿಯಲ್ಲಿ ಹಾವಿಡುವುದು ಕ್ರೌರ್ಯವೆಂದು ಬಡವನಿಗೆ ಹೇಳಿದ ಸಮಾಜ, ಅದೇ ಇಕ್ಕಟ್ಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದಗಿಸುವ ಉಳ್ಳವನ ಹವ್ಯಾಸದ ಮುಂದೆ ಮೌನ ತಾಳುವುದು ಹೇಗೆ?

ಆಗಬೇಕಾದುದೇನು?

ಮೂರು ಕ್ರಮಗಳು ತಡವಿಲ್ಲದೆ ಆಗಬೇಕು. ಮೊದಲನೆಯದು, ನೋಂದಣಿಯ ಜತೆಗೆ ತಳಿವಾರು ಪಾಲನಾ ಪ್ರಮಾಣಕ: ಗೂಡಿನ ಅಳತೆ, ಉಷ್ಣತೆ, ಬೀಗ, ವೈದ್ಯರ ವಿವರ. ದೊಡ್ಡ ಹಾವಿನ ಅರ್ಜಿ ಬಂದಾಗ ಗೂಡನ್ನು ಕಣ್ಣಾರೆ ಕಂಡ ಮೇಲೆಯೇ ಪತ್ರ ನೀಡುವ ಪದ್ಧತಿ ಬರಬೇಕು. ಎರಡನೆಯದು, ಅತಿ ದೊಡ್ಡದಾಗಿ ಬೆಳೆಯುವ, ನಮ್ಮ ಹವೆಗೆ ಒಗ್ಗಬಲ್ಲ ತಳಿಗಳನ್ನು ಖಾಸಗಿ ಸಾಕಣೆಯಿಂದಲೇ ಹೊರಗಿಡುವುದು. ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ತಿದ್ದುಪಡಿಯೇ ಕೇಂದ್ರ ಸರ್ಕಾರಕ್ಕೆ ನೀಡಿದೆ. ಅದನ್ನು ಅನಾಹುತದ ನಂತರ ಬಳಸುವುದಕ್ಕಿಂತ ಮೊದಲೇ ಬಳಸುವುದು ಲೇಸು.

ಮೂರನೆಯದು ಅತ್ಯಂತ ಸರಳ, ಅತ್ಯಂತ ಅಗತ್ಯ: ಸಾಕಲಾಗದವರು ಶಿಕ್ಷೆಯ ಭಯವಿಲ್ಲದೆ ಪ್ರಾಣಿಯನ್ನು ಒಪ್ಪಿಸುವ ವ್ಯವಸ್ಥೆ. ಫ್ಲೋರಿಡಾ 2006ರಿಂದಲೇ ಇಂಥ ಕ್ಷಮಾದಾನ ಯೋಜನೆಯನ್ನು ನಡೆಸುತ್ತಿದೆ. ಕಾಡು ಕೈಬಿಟ್ಟುಹೋದ ಮೇಲೆ ಅವರು ಕಲಿತ ಪಾಠವಿದು; ನಮಗೆ ಮೊದಲೇ ಕಲಿಯುವ ಅವಕಾಶವಿದೆ. ಒಪ್ಪಿಸಲು ದಾರಿಯಿಲ್ಲದ ಮಾಲೀಕನಿಗೆ ರಾತ್ರಿಯ ಕೆರೆಯಂಚೇ ದಾರಿಯಾಗಿ ಕಾಣುತ್ತದೆ. ರಾಜ್ಯದ ಅರಣ್ಯ ಇಲಾಖೆ ಮನಸ್ಸು ಮಾಡಿದರೆ ಬೆಂಗಳೂರಿನಲ್ಲಿಯೇ ಅಂಥ ಒಂದು ಕೇಂದ್ರವನ್ನು ಗೊತ್ತುಪಡಿಸಿ, ಅದಕ್ಕೆ ಬೇಕಾದ ಗೂಡು, ವೈದ್ಯರು, ಅನುದಾನವನ್ನು ಒದಗಿಸಬಹುದು.

ಹಾವಿನ ಬಗ್ಗೆ ಕುತೂಹಲ ತಪ್ಪಲ್ಲ. ಭಯದಿಂದ ಹೊಡೆದು ಕೊಲ್ಲುವುದಕ್ಕಿಂತ ಆಸಕ್ತಿಯಿಂದ ನೋಡುವುದು ಎಷ್ಟೋ ಮೇಲು. ಆದರೆ ಸಾಕುವ ನಿರ್ಧಾರ ಅಂಗಡಿಯಲ್ಲಿ ಆಗಬಾರದು. ಖಾಲಿ ಗೂಡು ಎರಡು ವಾರ ಸರಿಯಾಗಿ ನಡೆದಿದೆಯೇ, ಮನೆಯ ಎಲ್ಲರೂ ಒಪ್ಪಿದ್ದಾರೆಯೇ, ವೈದ್ಯರು ಸಿಕ್ಕಿದ್ದಾರೆಯೇ, ಮಾರುವವನ ಬಳಿ ನೋಂದಣಿ ದಾಖಲೆಯಿದೆಯೇ, ತಾನಿಲ್ಲದಾಗ ನೋಡಿಕೊಳ್ಳುವವರು ಯಾರು? ಈ ಐದರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಬರಿಗೈಯಲ್ಲಿ ಹಿಂದಿರುಗುವುದೇ ಹಾವಿನ ಮೇಲಿನ ನಿಜವಾದ ಪ್ರೀತಿ. ಮೃಗಾಲಯದ ಗಾಜಿನಾಚೆ ಅದನ್ನು ಕಂಡು ಬರಲು ಯಾರ ಅಡ್ಡಿಯೂ ಇಲ್ಲ.